ವಿಮಾನದ ಹೊಟ್ಟೆಯ ಕೆಳಗೆ

"ಇದು ನಿಮ್ಮಪ್ಪ ತೆಗೆದದ್ದು ತಾನೆ?"

ಮ್ಯಾನೇಜರ್ ಪತ್ರಿಕೆಯನ್ನು ಗುಬ್ಬಿಯ ಮೇಜಿನ ಮೇಲೆ ಹರವಿದರು. ಮುಖಪುಟದ ಅರ್ಧ ಭಾಗ ಒಂದೇ ಚಿತ್ರ. ಖಾಸಗಿ ವಿಮಾನದ ತೆರೆದ ಬಾಗಿಲು, ಮೆಟ್ಟಿಲು, ಮೆಟ್ಟಿಲಿಳಿಯುತ್ತಿರುವ ನಾಯಕ ನಟ. ಅವರ ಬೆನ್ನ ಮೇಲೆ ಇನ್ನೊಬ್ಬ ಮನುಷ್ಯ! ಅವನ ಮುಖ ನಟರ ಹೆಗಲ ಹಿಂದೆ ಮರೆಯಾಗಿದೆ. ಕಾಲುಗಳು ಮಾತ್ರ ಒಣಹಾಕಿದ ಪ್ಯಾಂಟಿನಂತೆ ಜೋತುಬಿದ್ದಿವೆ. ಮೇಲೆ ದಪ್ಪಕ್ಷರ— 'ಸಿಡಿಲಣ್ಣನ ಬೆನ್ನ ಮೇಲೆ ಯಾರು?'

"ಅಪ್ಪ ಇಂಥದ್ದು ಮಾಡಲ್ಲ ಸರ್."

"ಮತ್ತೆ ಯಾರು ಮಾಡ್ತಾರೆ? ಈ ಊರಲ್ಲಿ ಬೇಲಿ ಪಕ್ಕ ಏಣಿ ಹಾಕ್ಕೊಂಡು ಕೂರೋರು ಇನ್ಯಾರಿದ್ದಾರೆ? ಸಿಡಿಲಣ್ಣ ಯಾವಾಗ ಬರ್ತಾರೆ ಅಂತ ಮನೇಲಿ ಹೇಳೋರು ಯಾರಿದ್ದಾರೆ?"

ದೊಡ್ಡ ನಿಲ್ದಾಣದ ಜನಜಂಗುಳಿ ಬೇಡವೆನ್ನುವ ಹೆಸರಾಂತರೆಲ್ಲ ಇಳಿಯುತ್ತಿದ್ದುದು ಈ ಪುಟ್ಟ ನಿಲ್ದಾಣದ ಖಾಸಗಿ ಕಟ್ಟಡದಲ್ಲಿ. ಅವರನ್ನು ಬಾಗಿಲಲ್ಲಿ ಎದುರುಗೊಳ್ಳುವುದು ಗುಬ್ಬಿಯ ಕೆಲಸ. ಹಾಡುವವರು, ಆಡುವವರು, ಕುಣಿಯುವವರು ಎಲ್ಲರಿಗೂ ನೀರು ಕೊಟ್ಟಿದ್ದಳು, ಒಬ್ಬರ ಸಹಿಯನ್ನೂ ಕೇಳಿರಲಿಲ್ಲ. ಯಾರು ಬರುತ್ತಾರೆಂಬುದು ಅವಳ ತುಟಿ ದಾಟುತ್ತಿರಲಿಲ್ಲ, ಅಪ್ಪನೂ ಕೇಳುತ್ತಿರಲಿಲ್ಲ.

ಅಪ್ಪ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೇಲಿಯಾಚೆ ಹಳದಿ ಮಡಚೇಣಿಯ ಮೇಲೆ, ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕ್ಯಾಮೆರಾ. ತಾರೆಯರನ್ನು ನೋಡಬೇಕೆಂದರೆ ಊರಿನವರು ಆಕಾಶ ನೋಡುತ್ತಿರಲಿಲ್ಲ, ದುರ್ಬೀನು ಮೇಷ್ಟ್ರ ಆಲ್ಬಮ್ ನೋಡುತ್ತಿದ್ದರು.

ಸಿಡಿಲಣ್ಣನ ಬೆನ್ನ ಮೇಲೆ ಯಾರೆಂಬುದು ಕಟ್ಟಡದ ಎಲ್ಲರಿಗೂ ಗೊತ್ತಿತ್ತು. ಸಿನಿಮಾಗಳಲ್ಲಿ ಸಿಡಿಲಣ್ಣನ ಬದಲು ಎತ್ತರದಿಂದ ಜಿಗಿಯುತ್ತಿದ್ದ ಡ್ಯೂಪ್. ಒಂದು ಜಿಗಿತದಲ್ಲಿ ಬೆನ್ನುಮೂಳೆ ಮುರಿದು ಎರಡೂ ಕಾಲಿನ ಬಲ ಹೋಗಿತ್ತು. ಡ್ಯೂಪ್ ಇರುವುದು ಇದೇ ಊರಿನಲ್ಲಿ. ಅವನನ್ನು ಸಿಡಿಲಣ್ಣ ತಿಂಗಳಿಗೊಮ್ಮೆ ತಾವೇ ದೂರದ ಆಸ್ಪತ್ರೆಗೆ ಕರೆದೊಯ್ದು, ತಾವೇ ಕರೆತರುತ್ತಿದ್ದರು. ಇಕ್ಕಟ್ಟಾದ ಮೆಟ್ಟಿಲಲ್ಲಿ ಬೇರೆಯವರು ಕೈಹಾಕಲು ಬಿಡದೆ ತಾವೇ ಹೊರುತ್ತಿದ್ದರು. ಇದನ್ನು ಯಾರಿಗೂ ಹೇಳಬಾರದೆಂದು ಡ್ಯೂಪ್ ಅವರಿಂದ ಮಾತು ತೆಗೆದುಕೊಂಡಿದ್ದ. ಕಟ್ಟಡದವರೆಲ್ಲ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಿಡಿಲಣ್ಣನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು.

ಈಗ ಗುಟ್ಟು ರಟ್ಟಾಗಿತ್ತು. 'ಇನ್ನು ನಾನು ಎಲ್ಲಿಗೂ ಬರಲ್ಲ' ಎಂದು ಡ್ಯೂಪ್ ಹಟ ಹಿಡಿದಿದ್ದ.

"ನಾಳೆ ಮಧ್ಯಾಹ್ನ ಸಿಡಿಲಣ್ಣ ಬರ್ತಿದ್ದಾರೆ. ಅಷ್ಟರಲ್ಲಿ ಯಾರು ಅಂತ ಗೊತ್ತಾಗದಿದ್ರೆ ಇನ್ಮೇಲೆ ಇಲ್ಲಿ ಇಳಿಯೋದೇ ಇಲ್ವಂತೆ," ಎಂದರು ಮ್ಯಾನೇಜರ್. "ನೋಡಮ್ಮ, ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಿ ಆಗಲ್ಲ."

ಮನೆಯಲ್ಲಿ ಅಪ್ಪನದು ಒಂದೇ ಮಾತು.

"ನಾನು ತೆಗೆದಿಲ್ಲ."

"ಆವತ್ತು ಬೇಲಿ ಹತ್ರ ಇದ್ರಾ?"

"ಇದ್ದೆ."

"ಅವರು ಇಳಿಯೋವಾಗ ಏನು ಮಾಡ್ತಿದ್ರಿ?"

ಅಪ್ಪ ದುರ್ಬೀನಿನ ಗಾಜು ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಅಪ್ಪ, ನನ್ನ ಕೆಲಸ ಹೋಗ್ತಿದೆ. ಆ ಹೊತ್ತಲ್ಲಿ ಏನು ಮಾಡ್ತಿದ್ರಿ?"

"ಅದೊಂದು ಕೇಳಬೇಡ ಮಗಳೇ."

ಗುಬ್ಬಿ ದೊಡ್ಡಮ್ಮನಿಗೆ ಫೋನ್ ಮಾಡಿದಳು.

ದೊಡ್ಡಮ್ಮ ಎಂದರೆ ಅಪ್ಪನ ಅತ್ತಿಗೆ, ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸ, ಕಣ್ಣಲ್ಲ. ಮರುದಿನ ಬೆಳಿಗ್ಗೆ ಅವರು ಗುಬ್ಬಿಯನ್ನು ಕರೆದುಕೊಂಡು ಮ್ಯಾನೇಜರ್ ಕೋಣೆಗೆ ಬಂದಾಗ ಕಂಕುಳಲ್ಲಿ ಒಂದು ದೊಡ್ಡ ಲಕೋಟೆಯಿತ್ತು.

"ಪತ್ರಿಕೆಯವರ ಹತ್ರ ಹೋಗಿದ್ದೆ. ಕಳಿಸಿದ್ದು ಯಾರು ಅಂತ ಬಾಯಿ ಬಿಡಲಿಲ್ಲ. ಚಿತ್ರದ ದೊಡ್ಡ ಪ್ರತಿ ಮಾತ್ರ ಕೊಟ್ರು. ನನಗೆ ಅಷ್ಟು ಸಾಕು." ಅವರು ಕುರ್ಚಿ ಎಳೆದು ಕುಳಿತರು. "ಸರ್, ಆವತ್ತು ವಿಮಾನದ ಬಾಗಿಲು ಯಾವ ಕಡೆಗಿತ್ತು?"

ಮ್ಯಾನೇಜರ್ ಕಿಟಕಿಯತ್ತ ಕೈ ತೋರಿಸಿದರು. ಕಟ್ಟಡ, ರಸ್ತೆ, ಬೇಲಿ ಎಲ್ಲ ಒಂದೇ ಮಗ್ಗುಲಿಗೆ. ಎದುರಿಗೆ ವಿಮಾನ ನಿಲ್ಲುವ ಅಂಗಳ, ಅದರಾಚೆ ರನ್‌ವೇ. "ರನ್‌ವೇ ಕಡೆಗೆ. ಈ ಕಡೆಯಿಂದ ಯಾರಿಗೂ ಕಾಣಬಾರದು ಅಂತ ಸಿಡಿಲಣ್ಣ ಯಾವಾಗಲೂ ಹಾಗೇ ನಿಲ್ಲಿಸೋಕೆ ಹೇಳ್ತಾರೆ."

"ಹಾಗಿದ್ರೆ ಏಣಿ ಮೇಲಿಂದ ನಮ್ಮ ಮೈದುನನಿಗೆ ಬಾಗಿಲು ಹೇಗೆ ಕಂಡೀತು?"

"ಬೇಲಿ ಸುತ್ತಲೂ ಇದೆಯಲ್ಲ. ಏಣಿ ಹೊತ್ಕೊಂಡು ಆಚೆ ಬದಿಗೆ ಹೋಗಿದ್ರೆ?"

"ಅದೂ ಸರಿ," ಎಂದರು ದೊಡ್ಡಮ್ಮ. ಗುಬ್ಬಿ ಅವರ ಮುಖ ನೋಡಿದಳು. ಇವರು ಯಾರ ಕಡೆ?

"ಆ ಹೊತ್ತಿಗೆ ಅಂಗಳದಲ್ಲಿ ಯಾರ್ಯಾರಿದ್ರು?"

"ಕೈಸನ್ನೆ ಮಾಡಿ ವಿಮಾನ ನಿಲ್ಲಿಸೋನು. ಎಣ್ಣೆ ಟ್ಯಾಂಕರಿನವನು ಅತಿಥಿಗಳು ಹೋಗೋವರೆಗೂ ಗೇಟು ದಾಟಲ್ಲ. ಆಮೇಲೆ ಡ್ಯೂಪ್‌ನ ಮನೆಯವರ ವ್ಯಾನು."

ಕೈಸನ್ನೆಯವನನ್ನು ಕರೆಸಿದರು. ಆರಡಿ ಮೀರಿದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಬಂದ.

"ನಿನ್ನ ಫೋನ್ ಎಲ್ಲಿತ್ತಪ್ಪ?"

"ಪೆಟ್ಟಿಗೆಯಲ್ಲಿ ಮೇಡಂ. ಅಂಗಳಕ್ಕೆ ಇಳಿಯೋ ಮೊದಲು ಎಲ್ಲರದ್ದೂ ಪೆಟ್ಟಿಗೆಗೆ ಹೋಗುತ್ತೆ."

"ಎರಡನೇ ಫೋನು?"

ಅವನ ಮುಖ ಕೆಂಪಾಯಿತು. "ನನ್ನ ಹತ್ರ ಒಂದೇ ಇರೋದು. ಬೇಕಾದ್ರೆ ಮನೆಗೆ ಬಂದು ನೋಡಿ."

"ಬೇಸರ ಮಾಡ್ಕೋಬೇಡ. ಅವರು ಇಳಿಯೋವಾಗ ನೀನು ಕೂತಿದ್ದೆಯೋ, ನಿಂತಿದ್ದೆಯೋ?"

"ಸಿಡಿಲಣ್ಣ ಎದುರಿಗಿದ್ರೆ ಯಾರಾದ್ರೂ ಕೂತ್ಕೊಂಡಿರ್ತಾರಾ ಮೇಡಂ?"

ದೊಡ್ಡಮ್ಮ ನಕ್ಕು ಅವನನ್ನು ಕಳಿಸಿಕೊಟ್ಟರು. ಆಮೇಲೆ ಗುಬ್ಬಿಯತ್ತ ತಿರುಗಿ, "ಅಂಗಳಕ್ಕೆ ಹೋಗೋ ಗಾಡಿಗೆ ನೀವು ಏನಾದ್ರೂ ಕೊಡ್ತೀರೇನೇ?" ಎಂದರು.

"ಪ್ರವೇಶ ಚೀಟಿ." ಗುಬ್ಬಿ ಅಂಗೈಗಿಂತ ದೊಡ್ಡದಾದ ಚೌಕದ ಬಿಳಿ ರಟ್ಟು ತೋರಿಸಿದಳು. "ಮುಂದಿನ ಗಾಜಿನ ಹಿಂದೆ, ಕಾಣೋ ಹಾಗೆ ಇಡಬೇಕು."

"ಸರಿ. ಇನ್ನು ಸಿಡಿಲಣ್ಣ ಬರಲಿ."

ಮಧ್ಯಾಹ್ನ ವಿಮಾನ ಇಳಿಯಿತು. ಎಂದಿನಂತೆ ಬಾಗಿಲು ಆ ಕಡೆಗೆ. ಸಿಡಿಲಣ್ಣ ಒಬ್ಬರೇ ನಡೆದು ಬಂದರು. ತೆರೆಯ ಮೇಲೆ ಕಂಡಷ್ಟು ಎತ್ತರವಿಲ್ಲ. ಕಿವಿಯ ಬಳಿ ನರೆ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಆದರೂ ಬಾಗಿಲಲ್ಲಿ ಗುಬ್ಬಿಯನ್ನು ಕಂಡು, "ಹೇಗಿದ್ದೀಯಮ್ಮ?" ಎಂದು ಕೇಳಲು ಮರೆಯಲಿಲ್ಲ. ತನ್ನ ಮೇಲೆ ಅನುಮಾನ ಹೊತ್ತವರೂ ಹೀಗೆ ಕೇಳುತ್ತಾರೆಯೇ ಎಂದು ಅವಳಿಗೆ ಅಳು ಬಂತು.

ಡ್ಯೂಪ್‌ನ ಹೆಂಡತಿಯೂ ಬಂದಿದ್ದರು. ಗಂಡ ಹೊರಗೆ ವ್ಯಾನಿನಲ್ಲೇ ಕುಳಿತಿದ್ದ. ಬಾ ಎಂದರೆ ಬರಲೊಲ್ಲ, ಮನೆಯಲ್ಲಿರು ಎಂದರೆ ಇರಲೊಲ್ಲ ಎಂದರು ಆಕೆ.

ಎಲ್ಲರೂ ಮ್ಯಾನೇಜರ್ ಕೋಣೆಯಲ್ಲಿ ಸೇರಿದ ಮೇಲೆ ದೊಡ್ಡಮ್ಮ ಚಿತ್ರವನ್ನು ಗೋಡೆಗೆ ಒರಗಿಸಿದರು.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದರಂತೆ. ಉತ್ತರ ಈ ಚಿತ್ರದಲ್ಲೇ ಇದೆ. ಆದರೆ ಸಿಡಿಲಣ್ಣ ಇರೋ ಚಿತ್ರದಲ್ಲಿ ಅವರ ಮುಖ ಬಿಟ್ಟು ಬೇರೆ ಯಾರು ಏನು ನೋಡ್ತಾರೆ? ವಿಮಾನದ ಹೊಟ್ಟೆಯ ಕೆಳಗೆ ನೋಡಿ. ಗುಬ್ಬಿ, ಬಾ ಇಲ್ಲಿ." ತಾವು ಪತ್ರಿಕೆ ಓದುವ ಭೂತಗನ್ನಡಿಯನ್ನು ಅವಳ ಕೈಗಿತ್ತರು. "ಚಕ್ರಗಳ ನಡುವೆ, ದೂರದಲ್ಲಿ ಹಳದಿಯಾಗಿ ಏನಿದೆ?"

"ಏಣಿ... ನಮ್ಮಪ್ಪನ ಏಣಿ."

"ಅದರ ಕೆಳಗಿನ ಮೆಟ್ಟಿಲ ಮೇಲೆ ದುಂಡಗೆ ಹೊಳೆಯೋದು?"

ಗುಬ್ಬಿಗೆ ಅಳುವಿನ ನಡುವೆಯೇ ನಗು ಬಂತು. "ಅಪ್ಪನ ತಲೆ."

"ಹೌದು, ಈ ಬೋಳುತಲೆ ನಮ್ಮ ಮನೇದೇ. ಈಗ ಹೇಳಿ ಸರ್. ಚಿತ್ರ ತೆಗೆದೋನು ತಾನೇ ಚಿತ್ರದ ಒಳಗೆ, ಅದೂ ವಿಮಾನದ ಆಚೆಗೆ ಹೇಗೆ ಕೂತಿರ್ತಾನೆ?"

ಮ್ಯಾನೇಜರ್ ಭೂತಗನ್ನಡಿ ಇಸಿದುಕೊಂಡು ತಾವೇ ಬಗ್ಗಿ ನೋಡಿದರು.

"ಹಾಗಾದರೆ ಯಾರು?" ಸಿಡಿಲಣ್ಣನ ದನಿ ತಗ್ಗಿತ್ತು.

"ಸರ್, ನಿಮ್ಮ ಜಾಗದಲ್ಲಿ ನಿಂತು ಈ ಮೇಜಿನ ಕೆಳಗೆ ನೋಡಿ. ಏನು ಕಾಣತ್ತೆ?"

"ನೆಲ."

"ಈಗ ನೆಲದ ಹತ್ರ ಕೂತು ನೋಡಿ."

ಎಷ್ಟೋ ಜನ ನೋಡಲು ಮುಗಿಬೀಳುವ ಮನುಷ್ಯ ಆ ಪುಟ್ಟ ಕೋಣೆಯಲ್ಲಿ ಮಂಡಿಯೂರಿ ಕುಳಿತರು. "ಆಚೆ ಗೋಡೆ ಕಾಣತ್ತೆ."

"ಅಷ್ಟೇ. ನಿಂತೋರು ತೆಗೆದಿದ್ರೆ ವಿಮಾನದ ಕೆಳಗೆ ಬರಿ ನೆಲ ಬರ್ತಿತ್ತು. ಇಲ್ಲಿ ಬೇಲಿವರೆಗೂ ಕಾಣ್ತಿದೆ. ಅಂದ್ರೆ ತೆಗೆದೋರು ಕೂತಿದ್ರು, ಅದೂ ತಗ್ಗಿನಲ್ಲಿ. ಕೈಸನ್ನೆಯವನು ನಿಂತಿದ್ದ, ಅವನ ಎತ್ತರ ನೀವೇ ನೋಡಿದ್ದೀರಿ. ಇನ್ನು ಈ ಮೂಲೆ ನೋಡಿ. ಬಿಳೀ ಮಸುಕು. ಮುದ್ರಣದ ತಪ್ಪಲ್ಲ. ಗಾಜಿನ ಹಿಂದಿಟ್ಟ ಪ್ರವೇಶ ಚೀಟಿ ಅದೇ ಗಾಜಿನಲ್ಲಿ ಮೂಡಿದ ಪ್ರತಿಬಿಂಬ. ಆವತ್ತು ಅಂಗಳಕ್ಕೆ ಬಂದದ್ದು ಒಂದೇ ಗಾಡಿ, ಗಾಲಿಕುರ್ಚಿ ಏರಲಿ ಅಂತ ನೆಲ ತಗ್ಗಿಸಿದ ಗಾಡಿ. ಮನೆಯವರ ಫೋನನ್ನು ಯಾರು ಪೆಟ್ಟಿಗೆಗೆ ಹಾಕಿಸ್ತಾರೆ?" ದೊಡ್ಡಮ್ಮ ಮೆಲ್ಲಗೆ ತಿರುಗಿದರು. "ಗಾಡಿ ಓಡಿಸಿದ್ದು ನೀವೇ, ಅಲ್ವೇನಮ್ಮ?"

ಡ್ಯೂಪ್‌ನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೈ ನಿಂತಿತು.

"ಅತ್ತಿಗೆ, ನೀವಾ?" ಎಂದರು ಸಿಡಿಲಣ್ಣ.

"ನಾನೇ." ಆಕೆ ತಲೆಯೆತ್ತಿದರು. "ಅಂಗಡಿಗೆ ಹೋದರೂ, ಬಾವಿಕಟ್ಟೆಗೆ ಹೋದರೂ ಜನರದ್ದು ಒಂದೇ ಮಾತು. 'ನಿನ್ನ ಗಂಡನ ಕಾಲು ಮುರಿಸಿ, ತಾನು ಮೆರೀತಿದ್ದಾನೆ ನೋಡು ಆ ಪಾಪಿ' ಅಂತ. ನನ್ನ ಮೇಲೆ ಕನಿಕರ ತೋರಿಸೋಕೆ ನಿಮಗೆ ಶಾಪ ಹಾಕ್ತಾರೆ. ನೀವು ಕೊಟ್ಟ ಮಾತು ಮುರೀಬಾರದು ಅಂತ ಬಾಯಿ ಮುಚ್ಕೊಂಡಿದ್ದೀರಿ. ನಮ್ಮನೆಯವರೋ, ಡ್ಯೂಪ್ ಕಾಣಿಸಿಕೊಂಡ್ರೆ ಶಾಟ್ ಕೆಟ್ಟ ಹಾಗೆ, ಜನಕ್ಕೆ ಸಿಡಿಲಣ್ಣ ಮಾತ್ರ ಕಾಣಬೇಕು ಅಂತಾರೆ. ನಾನು ಎಷ್ಟು ದಿನ ಕೇಳಿಸ್ಕೊಂಡಿರಲಿ?"

"ಅದಕ್ಕೇ ಗಂಡನ ಮುಖ ಮರೆಯಾಗೋವರೆಗೂ ಕಾದು ತೆಗೆದ್ರಿ," ಎಂದರು ದೊಡ್ಡಮ್ಮ. "ಬೇರೆ ಯಾರಾದ್ರೂ ಆಗಿದ್ರೆ ಎರಡೂ ಮುಖ ಸಿಗಲಿ ಅಂತ ಕಾಯ್ತಿದ್ರು. ಗಂಡನ ಗುಟ್ಟನ್ನು ಅರ್ಧ ಉಳಿಸಿ, ಸಿಡಿಲಣ್ಣನ ಹೆಸರನ್ನು ಪೂರ್ತಿ ಉಳಿಸೋಕೆ ಹೊರಟ್ರಿ. ನನಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ."

ಆಕೆ ಗುಬ್ಬಿಯ ಕೈ ಹಿಡಿದುಕೊಂಡರು. "ನಿನ್ನ ಕೆಲಸಕ್ಕೆ ಕುತ್ತು ಬರತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣಮ್ಮ. ಇವತ್ತು ಬಂದದ್ದೇ ಹೇಳಿಬಿಡೋಣ ಅಂತ. ಬಾಯಿ ಬರಲಿಲ್ಲ."

ಗುಬ್ಬಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಇಂಥ ಹೆಂಗಸಿನ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು ಎಂದು ಅವಳಿಗೆ ತಿಳಿಯಲೂ ಇಲ್ಲ. ಮ್ಯಾನೇಜರ್ ಕೆಮ್ಮಿ, "ನಿನ್ನ ಜಾಗಕ್ಕೆ ಹೋಗಿ ಕೂತ್ಕೊಳಮ್ಮ," ಎಂದರು. ಅವರ ಮಟ್ಟಿಗೆ ಅದು ದೊಡ್ಡ ಕ್ಷಮಾಪಣೆ.

"ಒಂದು ಉಳೀತು," ಎಂದರು ಸಿಡಿಲಣ್ಣ. ಅವರು ಇನ್ನೂ ಚಿತ್ರದ ಎದುರಿಗೇ ಇದ್ದರು. "ಮೇಷ್ಟ್ರ ತಲೆಯ ಹಿಂಭಾಗ ಯಾಕೆ ಕಾಣ್ತಿದೆ? ವಿಮಾನ ನೋಡೋಕೆ ಬಂದೋರು ರಸ್ತೆ ಕಡೆ ಮುಖ ಮಾಡಿ ಕೂತಿದ್ದಾರಲ್ಲ?"

ದೊಡ್ಡಮ್ಮ ಆಗಲೇ ಕಿಟಕಿ ತೆರೆದಿದ್ದರು. ಬೇಲಿಯಾಚೆ ಹಳದಿ ಏಣಿ, ಕೆಳಗಿನ ಮೆಟ್ಟಿಲ ಮೇಲೆ ಅಪ್ಪ, ಬೆನ್ನು ಈ ಕಡೆಗೆ. ಊರೆಲ್ಲ ಬೈದರೂ ಬರುವುದನ್ನು ಬಿಟ್ಟಿರಲಿಲ್ಲ.

ಎಲ್ಲರೂ ಬೇಲಿಯ ಬಳಿಗೆ ಹೋದರು. ತಾವು ಬದುಕಿಡೀ ದೂರದಿಂದಲೇ ನೋಡಿದ್ದ ಮನುಷ್ಯ ಒಂದು ತಂತಿಯಾಚೆ ಬಂದು ನಿಂತಾಗ ಅಪ್ಪ ಎದ್ದು ನಿಂತರು. ದುರ್ಬೀನು ಏಣಿಗೆ ಬಡಿಯಿತು.

"ಮೇಷ್ಟ್ರೇ, ನೀವು ತೆಗೆದಿಲ್ಲ ಅಂತ ಗೊತ್ತಾಯ್ತು. ಆದರೆ ನೀವ್ಯಾಕೆ ಬಾಯಿ ಬಿಡಲಿಲ್ಲ?"

ಅಪ್ಪ ಚಪ್ಪಲಿ ನೋಡುತ್ತ ಹೇಳಿದರು. "ಮೊದಲ ಸಲ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಾಗ ವಿಮಾನದ ಕೆಳಗಿಂದ ಕಾಲುಗಳು ಕಂಡವು. ಎರಡು ನಡೀತಿದ್ವು, ಎರಡು ಜೋತಾಡ್ತಿದ್ವು. ಬಾಗಿಲು ಯಾಕೆ ಆ ಕಡೆ ಅಂತ ಅರ್ಥ ಆಯ್ತು. ಆಮೇಲೆ ನೀವು ಬಂದಾಗಲೆಲ್ಲ ನಾನು ತಿರುಗಿ ಕೂತೆ. ನೋಡಲಿಲ್ಲ ಅಂತ ಈಗ ಹೇಳಿದ್ರೆ, ಏನನ್ನು ನೋಡಲಿಲ್ಲ ಅಂತ ಕೇಳ್ತಾರಲ್ಲ?"

ಸಿಡಿಲಣ್ಣ ತಂತಿಯ ಸಂದಿಯಿಂದ ಬೆರಳು ತೂರಿಸಿ ಅಪ್ಪನ ಬೆರಳು ಹಿಡಿದರು. ಸ್ವಲ್ಪ ಹೊತ್ತು ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ವ್ಯಾನಿನ ಕಿಟಕಿ ಮೆಲ್ಲಗೆ ಕೆಳಗಿಳಿಯಿತು. ಒಳಗಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನನ್ನನ್ನು ವಿಮಾನ ಹತ್ತಿಸ್ತೀಯೇನೋ?" ಎಂದ ಡ್ಯೂಪ್, ಗೆಳೆಯನ ಕಡೆ ನೋಡಿ. ಆಮೇಲೆ ಬೇಲಿಯ ಕಡೆಗೆ, "ಮೇಷ್ಟ್ರೇ, ಮುಂದಿನ ಸಲ ತಿರುಗಿ ಕೂತ್ಕೋಬೇಡಿ."

ಮುಂದಿನ ತಿಂಗಳು ವಿಮಾನ ಬಂದು ನಿಂತಾಗ ಬಾಗಿಲು ಈ ಕಡೆಗಿತ್ತು. ಗುಬ್ಬಿ ಗಾಜಿನ ಹಿಂದಿನಿಂದ ನೋಡಿದಳು. ಸಿಡಿಲಣ್ಣ ಒಂದೊಂದೇ ಮೆಟ್ಟಿಲು ಇಳಿದರು. ಬೆನ್ನ ಮೇಲಿದ್ದವನು ಮುಖ ಮರೆಮಾಡಲಿಲ್ಲ. ನಡುದಾರಿಯಲ್ಲಿ ಒಂದು ಕೈ ಬಿಡಿಸಿಕೊಂಡು ಬೇಲಿಯತ್ತ ಬೀಸಿದ. ಏಣಿಯ ತುತ್ತತುದಿಯಲ್ಲಿ ಅಪ್ಪ ನಿಂತಿದ್ದರು, ಎರಡೂ ಕೈ ಮೇಲೆ. ಕ್ಯಾಮೆರಾ ಹೊಟ್ಟೆಯ ಮೇಲೆ ಸುಮ್ಮನೆ ತೂಗಾಡುತ್ತಿತ್ತು.

ಸಂಜೆ ದೊಡ್ಡಮ್ಮ ಆಲ್ಬಮ್ ತಿರುವಿಹಾಕಿ ಕೇಳಿದರು. "ಇವತ್ತಿನ ಫೋಟೊ ಎಲ್ಲಿ ದುರ್ಬೀನು ಮೇಷ್ಟ್ರೇ?"

"ಕೈ ಬೀಸೋದೋ, ಫೋಟೊ ತೆಗೆಯೋದೋ ಅತ್ತಿಗೆ?" ಎಂದರು ಅಪ್ಪ. "ನನಗಿರೋದು ಎರಡೇ ಕೈ."