ಮೂರು ಬೆಳಕಿನ ಗಾಜಿನ ಪೆಟ್ಟಿಗೆ

ಬಹಳ ಬಹಳ ಹಿಂದೆ, ನವಿಲುದುರ್ಗ ಎಂಬ ರಾಜ್ಯದಲ್ಲಿ ತುಂಗವ್ವ ಎಂಬ ಹೆಂಗಸಿದ್ದಳು. ಬಟ್ಟೆಗೆ ಬಣ್ಣದ ಅಚ್ಚು ಒತ್ತುವುದು ಅವಳ ಕಸುಬು. ಆ ನಾಡಿನ ಮಾಂತ್ರಿಕ ಧೂಮಕ ತನಗೆ ಕೈಮುಗಿಯದವರನ್ನೆಲ್ಲ ಕಾಗದದ ಮೇಲಿನ ಚಿತ್ರ ಮಾಡಿಬಿಡುತ್ತಿದ್ದ. ತುಂಗವ್ವನ ಗಂಡ ಮಲ್ಲಾರಿಗೂ ಅದೇ ಗತಿಯಾಯಿತು. ಚಿತ್ರ ದಿನದಿನಕ್ಕೆ ಮಾಸುತ್ತಿತ್ತು. ಪೂರ್ತಿ ಮಾಸಿದರೆ ಮಲ್ಲಾರಿ ಇಲ್ಲ.

ಅರಮನೆಯಲ್ಲೊಂದು ಗಾಜಿನ ಪೆಟ್ಟಿಗೆಯಿತ್ತು. ಗಾಜಿನ ಮೇಲೆ ಚಿತ್ರವಿಟ್ಟು ಮುಚ್ಚಳ ಹಾಕಿದರೆ, ಕೆಳಗೆ ಬೆಳಕೊಂದು ತೆವಳುತ್ತ ಗೆರೆಗೆರೆಯಾಗಿ ಅದನ್ನು ಓದುತ್ತಿತ್ತು. ಮೂರು ಬಣ್ಣದ ಬೆಳಕು ಮುಗಿಯುವವರೆಗೆ ಮುಚ್ಚಳ ತೆಗೆಯದಿದ್ದರೆ, ಚಿತ್ರವಾದ ಮನುಷ್ಯ ಪಕ್ಕದ ಕಿಟಕಿಯಲ್ಲಿ ಮೂಡಿ ಇಳಿದು ಬರುತ್ತಾನೆಂದು ಹಿಂದಿನವರು ಬರೆದಿಟ್ಟಿದ್ದರು. ಆದರೆ ಈವರೆಗೆ ಯಾರೂ ಇಳಿದಿರಲಿಲ್ಲ. ಕಿಟಕಿಯಲ್ಲಿ ಬರೀ ಬಿಳುಪು.

ತುಂಗವ್ವ ಅರಮನೆಗೆ ತಂದ ಮಲ್ಲಾರಿಯ ಚಿತ್ರವನ್ನು ಮಂತ್ರಿ ಗಾಜಿನ ಮೇಲೆ ಭಕ್ತಿಯಿಂದ ಮುಖ ಮೇಲೆ ಮಾಡಿ ಇಟ್ಟ.

"ಮಂತ್ರಿಗಳೇ, ಅಚ್ಚನ್ನ ಅಂಗಾತ ಇಟ್ರೆ ಬಟ್ಟೆಗೆ ಬಣ್ಣ ಹತ್ತುತ್ತಾ? ಬೋರಲು ಹಾಕಿ," ಎಂದಳು ತುಂಗವ್ವ.

"ಶಿವಶಿವಾ. ಮನುಷ್ಯರ ಚಿತ್ರ ಬೋರಲು ಹಾಕೋದು ನಮ್ಮಲ್ಲಿ ಅಪಶಕುನ ಕಣಮ್ಮಾ."

"ಶಕುನ ನೋಡ್ತಾ ಕೂತ್ರೆ ನನ್ನ ಗಂಡ ಅಳಿಸಿಹೋಗ್ತಾನೆ," ಎಂದು ತಾನೇ ಬೋರಲು ಹಾಕಿ, ಮುಚ್ಚಳದ ಮೇಲೆ ಎರಡೂ ಕೈ ಊರಿದಳು. ನೂರು ವರ್ಷವಾದರೂ ಒಂದು ಹಾಳೆ ತಿರುವಿ ಹಾಕಲು ಯಾರಿಗೂ ಹೊಳೆಯದ ಅರಮನೆ ಅದು.

ಮೊದಲು ಕೆಂಪು ಬೆಳಕು ಹೊರಟಿತು. ಧೂಮಕ ಕಳಿಸಿದ ಏಳು ಹೆಡೆಯ ಹಾವು ಅವಳ ಕಾಲಿಗೆ ಸುತ್ತಿಕೊಂಡಿತು. ತುಂಗವ್ವ ಕದಲಲಿಲ್ಲ. ಕಿಟಕಿಯಲ್ಲಿ ಕೆಂಪು ಮಲ್ಲಾರಿ ಮೂಡಿದ.

ಆಮೇಲೆ ಹಸಿರು ಬೆಳಕು. ರೆಕ್ಕೆಯ ಹುಲಿಯೊಂದು ಬಂದು ಅವಳ ಕಿವಿಯ ಬಳಿಯೇ ಗರ್ಜಿಸಿತು. ತುಂಗವ್ವ ಕದಲಲಿಲ್ಲ. ಕೆಂಪಿಗೆ ಹಸಿರು ಸೇರಿತು.

ಮೂರನೆಯದು ನೀಲಿ. ಈ ಸಲ ಹಾವೂ ಇಲ್ಲ, ಹುಲಿಯೂ ಇಲ್ಲ. ಮುಚ್ಚಳದೊಳಗಿಂದ ಮಲ್ಲಾರಿಯೇ ಕೂಗಿದ. "ತುಂಗಾ, ಉಸಿರು ಕಟ್ತಾ ಇದೆ. ಸ್ವಲ್ಪ ತೆಗಿಯೇ."

ಅದು ಗಂಡನದೇ ದನಿ, ಮೋಸವಲ್ಲ. ಆದರೆ ಮೂರು ಬಣ್ಣವೂ ಬೀಳುವ ಮುನ್ನ ಬಟ್ಟೆ ಅಲ್ಲಾಡಿದರೆ ಹೂವು ಕೆಡುತ್ತದೆಂದು ಅವಳ ಕೈಗೆ ಗೊತ್ತಿತ್ತು.

"ತಡ್ಕೋ. ಒಂದೇ ಬಣ್ಣ ಬಾಕಿ," ಎಂದು ಅಳುತ್ತಲೇ ಒತ್ತಿ ಹಿಡಿದಳು.

ಬೆಳಕು ಅಂಚು ಮುಟ್ಟಿತು. ಮಲ್ಲಾರಿ ಮೈತುಂಬ ಬಣ್ಣ ತುಂಬಿಕೊಂಡು ಕಿಟಕಿಯಿಂದ ಇಳಿದ. ಒಬ್ಬನೇ ಒಬ್ಬ ತಪ್ಪಿಸಿಕೊಂಡರೂ ಧೂಮಕನ ಮಂತ್ರಶಕ್ತಿ ಉಳಿಯುವಂತಿರಲಿಲ್ಲ. ಆ ಮಾಂತ್ರಿಕ ತಾನಿದ್ದಲ್ಲೇ ಹೊಗೆಯಾಗಿ ಹೋದ. ಹಾವೂ ಹುಲಿಯೂ ಕಾಡಿನ ದಾರಿ ಹಿಡಿದವು.

ಆಮೇಲೆ ನಾಡಿನವರೆಲ್ಲ ತಮ್ಮ ತಮ್ಮವರ ಚಿತ್ರ ಹಿಡಿದು ಸಾಲಾಗಿ ಬಂದು, ಬೋರಲು ಹಾಕಿ, ಒಬ್ಬೊಬ್ಬರನ್ನೇ ಇಳಿಸಿಕೊಂಡು ಹೋಗಿ ಸುಖವಾಗಿ ಬಾಳಿದರು. ಆದರೆ ಅವರು ಬರುವ ಮೊದಲು ನಡೆದದ್ದು ಇಷ್ಟು.

"ನಾನು ಕೂಗಿದ್ದು ಕೇಳಿಸಲಿಲ್ವೇನೇ?" ಎಂದ ಮಲ್ಲಾರಿ.

"ಕೇಳಿಸ್ತು," ಎಂದಳು ತುಂಗವ್ವ. ಅವಳ ಕೈ ಮುಚ್ಚಳದ ಮೇಲಿಂದ ಇನ್ನೂ ಏಳುತ್ತಿರಲಿಲ್ಲ. ಮಲ್ಲಾರಿ ಪಕ್ಕದಲ್ಲಿ ಕೂತು ಒಂದೊಂದೇ ಬೆರಳನ್ನು ಬಿಡಿಸಿದ.