ಬಲಗೆನ್ನೆಗೆ ಕೊರಿಯಾ, ಎಡಗೆನ್ನೆಗೆ ಬೋರ್‌ವೆಲ್

ಇದು ನಿಜವಾಗಿ ನಡೆದದ್ದು. ಸುಳ್ಳು ಅನಿಸಿದರೆ, ಬೆಳಗ್ಗೆ ಕ್ಯಾಸಂಬಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕೇಳಿ. ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ, ಆದರೆ ಎಲ್ಲರೂ ನಗುತ್ತಲೇ ಹೇಳುತ್ತಾರೆ. ಹಾಲಿಗೆ ನೀರು ಬೆರೆಯಬಹುದು, ಈ ಕಥೆಗೆ ಬೆರೆತಿಲ್ಲ. ಬೆರೆತಿರುವುದು ಒಂಚೂರು ಟೋನರ್ ಅಷ್ಟೇ!

"ನೀರು ಸೇರೈತೆ."

ಡೈರಿಯ ಮುನೀಂದ್ರ ತಲೆ ಎತ್ತದೆ ಹೇಳಿದ. ಕಲ್ಪನಳ ಕಿವಿ ಬಿಸಿಯಾಯಿತು.

"ಏನಂದ್ರಿ?"

"ಲ್ಯಾಕ್ಟೋಮೀಟರ್ ಮುಳುಗ್ತೈತೆ, ನೋಡಿ. ಈ ಹಾಲು ತಗೊಳ್ಳಕ್ಕಾಗಲ್ಲ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅದು ಮುತ್ಯಾಲಮ್ಮನ ಹಾಲು! ಅಜ್ಜಿಗೆ ಮಂಡಿನೋವು, ಅದಕ್ಕೇ ಅಂದು ಮೊಮ್ಮಗಳು ಕಲ್ಪನ ಕ್ಯಾನು ಹೊತ್ತು ತಂದಿದ್ದಳು. ಡೈರಿಯ ಎದುರಿಗೆ, ಮೂಡಣಕ್ಕೆ ಅಜ್ಜಿಯ ಮನೆ. ಜಗಲಿ ಮೇಲೆ ಕುಳಿತಿದ್ದ ಅಜ್ಜಿಗೆ ಎಲ್ಲವೂ ಕೇಳಿಸಿತು.

ಕಲ್ಪನಳಿಗೆ ಅಜ್ಜಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಬಂದದ್ದು ಕೋಪ.

"ಮೊದ್ಲು ನಿಮ್ಮ ಮುಖ ನೋಡ್ಕೊಳ್ರೀ! ಬಿರುಕು ಬಿಟ್ಟ ಕೆರೆ ಇದ್ದಂಗೈತೆ. ನೀರು ಸೇರಬೇಕಾಗಿರೋದು ಅದಕ್ಕೆ!"

ಸಾಲು ಗೊಳ್ಳೆಂದಿತು. ಮುನೀಂದ್ರ ನಗಲೂ ಇಲ್ಲ, ರೇಗಲೂ ಇಲ್ಲ. ಬಂಗಾರಪೇಟೆ ಕಡೆಯ ತನ್ನ ಊರಿಂದ ಮಾಗಿ ಚಳಿಯಲ್ಲಿ ದಿನಾ ಬೈಕಲ್ಲಿ ಬರುವವನು. ಗಾಳಿ ಕೊರೆದು ಕೊರೆದು ಕೆನ್ನೆಗಳು ಬಿಳಿಚಿ ಒಡೆದಿದ್ದವು. ಅವನ ಕೈ ಸುಮ್ಮನೆ ಕೆನ್ನೆಯತ್ತ ಹೋಗಿ, ಅಲ್ಲೇ ನಿಂತಿತು.

ಆ ಕೈಯನ್ನು ಕಲ್ಪನ ನೋಡಿದಳು. ನೋಡಬಾರದಿತ್ತು ಅನಿಸಿತು...

ಮನೆಗೆ ಬಂದರೆ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಎಮ್ಮೆ ಸತ್ತಾಗ್ಲೂ ನನ್ ಹಾಲಿಗೆ ನೀರು ತೋರಿಸಿದವಳಲ್ಲ ಕಣೇ. ಸಾಲಲ್ಲಿ ಎಲ್ಲರ ಮುಂದೆ ಅಂದ್ಬಿಟ್ನಲ್ಲೇ! ಅವನು ಬಾಯಿಬಿಟ್ಟು ತಪ್ಪು ಅನ್ನೋವರ್ಗೂ ಆ ಡೈರಿಗೆ ಒಂದು ತೊಟ್ಟು ಓಗಲ್ಲ."

ಅಂದಿನಿಂದ ಮುತ್ಯಾಲಮ್ಮನ ಹಾಲು ಮಜ್ಜಿಗೆಯಾಯಿತು, ತುಪ್ಪವಾಯಿತು, ಕರುವಿನ ಪಾಲಾಯಿತು. ಅಜ್ಜಿಯ ನಗು ಮಾತ್ರ ಏನೂ ಆಗದೆ ಮಾಯವಾಯಿತು.

ಕಲ್ಪನ ಬಿ.ಕಾಂ. ಓದಿದವಳು, ರಾಬರ್ಟ್‌ಸನ್‌ಪೇಟೆಯ ಫ್ಯಾನ್ಸಿ ಸ್ಟೋರ್‌ನಲ್ಲಿ ಕೆಲಸ. ಲೆಕ್ಕದಲ್ಲಿ ಚುರುಕು, ಮಿಮಿಕ್ರಿಯಲ್ಲಿ ಇನ್ನೂ ಚುರುಕು. ಒಂದು ಸಂಜೆ ಅಂಗಡಿಯ ಒಡತಿ ಮಧುಶ್ರೀ ಅಕ್ಕನ ಮುಂದೆ, ಶಾಂಪೂ ಬಾಟಲಿಯೊಳಗೆ ಬಾಚಣಿಗೆ ಅದ್ದಿ, ಗಂಟಲು ದಪ್ಪ ಮಾಡಿಕೊಂಡು, "ನೀರು ಸೇರೈತೆ... ತಗೊಳ್ಳಕ್ಕಾಗಲ್ಲ..." ಎಂದಳು.

ಅಕ್ಕ ನಗಲಿಲ್ಲ. ಬಾಗಿಲ ಕಡೆ ಕಣ್ಸನ್ನೆ ಮಾಡಿದಳು.

ಮುನೀಂದ್ರ ನಿಂತಿದ್ದ! ಮಫ್ಲರು ಕಣ್ಣಿನವರೆಗೂ ಸುತ್ತಿತ್ತು.

"ಅದು... ಕೊರಿಯಾದ್ದು ಒಂದು ಬರ್ತದಂತಲ್ಲ? ಮುಖಕ್ಕೆ ನೀರು ಕುಡಿಸೋದು. ಟೋನರು. ನಮ್ ತಂಗಿಗೆ ಬೇಕಿತ್ತು."

ಅವನಿಗೆ ತಂಗಿ ಇಲ್ಲವೆಂದು ಹಾಲಿನ ಸಾಲಿಗೆಲ್ಲ ಗೊತ್ತು. ಕಲ್ಪನಳ ತಲೆಯಲ್ಲಿ ಒಂದು ತುಂಟ ದೀಪ ಹೊತ್ತಿಕೊಂಡಿತು. ಅಜ್ಜಿಗೆ ಬೇಕಿರೋದು ಇವನ 'ತಪ್ಪಾಯ್ತು' ತಾನೇ!

"ಹಚ್ಚೋ ಕ್ರಮ ಗೊತ್ತಾ?" ಟಿವಿಯಲ್ಲಿ ವಾರ್ತೆ ಓದುವವಳ ದನಿಯಲ್ಲಿ ಶುರುಮಾಡಿದಳು. "ಹತ್ತಿಯಲ್ಲಿ ಒರೆಸಬಾರ್ದು. ಅಂಗೈಗೆ ಹಾಕ್ಕೊಂಡು, ಎರಡೂ ಕೆನ್ನೆಗೆ ಪಟಪಟ ಬಡೀಬೇಕು. ಆರಿದ ಮೇಲೆ ಮತ್ತೆ. ಏಳು ಸಲ."

ಇಷ್ಟು ನಿಜ. ಕೊರಿಯಾದವರು ಹಾಗೆಯೂ ಹಚ್ಚುತ್ತಾರೆ. ಮುಂದಿನದು ಕಲ್ಪನಳ ಸ್ವಂತ ತಯಾರಿಕೆ.

"ಒಣಗೈಲಿ ಬಡೀಲೇಬಾರ್ದು. ಬೆಳಗ್ಗೆ ಮೂಡಲಕ್ಕೆ ತಿರುಗಿ, ಎಳೆಬಿಸಿಲಲ್ಲಿ, ಕಣ್ಣು ಮುಚ್ಚಿ ಬಡೀಬೇಕು. ನಿಮ್ಮ ತಂಗಿಗೆ ಹೇಳಿ."

"ಹೇಳ್ತೀನಿ," ಎಂದು ಅವನು ಬಾಟಲಿಯನ್ನು ಹಾಲಿನ ಸ್ಯಾಂಪಲ್ಲಿನಂತೆ ಜೋಪಾನವಾಗಿ ಹಿಡಿದು ಹೋದ.

ಮರುದಿನ ಬೆಳಗ್ಗೆ ಹಾಲಿನ ಸಾಲು ಕರಗಿದ ಮೇಲೆ, ಮುನೀಂದ್ರ ಡೈರಿಯ ಹೊರಗೆ ಬಂದ. ಮೂಡಲಕ್ಕೆ ತಿರುಗಿದ. ಅಂದರೆ ಮುತ್ಯಾಲಮ್ಮನ ಜಗಲಿಯ ಕಡೆ! ಕಣ್ಣು ಮುಚ್ಚಿ ಎರಡೂ ಕೆನ್ನೆಗೆ ಪಟಪಟ ಬಡಿದುಕೊಂಡ. ನಿಂತ. ಮತ್ತೆ ಬಡಿದುಕೊಂಡ.

ದೇವರ ಮುಂದೆ 'ತಪ್ಪಾಯ್ತಪ್ಪಾ' ಅಂತ ಗಲ್ಲ ಬಡಿದುಕೊಳ್ಳುವುದು ಹೇಗೋ, ಥೇಟ್ ಹಾಗೆಯೇ!

ಕಿಟಕಿಯ ಹಿಂದೆ ಕಲ್ಪನ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಜಗಲಿಯಲ್ಲಿ ಅಜ್ಜಿ ಎದ್ದು ನಿಂತಳು.

"ಲೇ ಕಲ್ಪನಾ, ಬಾರೇ ಇಲ್ಲಿ! ಪಾಪ, ನಮ್ಮನೆ ಕಡೆ ತಿರುಗಿ ಗಲ್ಲ ಬಡ್ಕೊಂತಾವ್ನೆ! ಬಾಯಿಬಿಟ್ಟು ತಪ್ಪು ಅನ್ನಕ್ಕೆ ನಾಚಿಕೆ ಇರ್ಬೇಕು ನಾಯ್ನಾಗೆ, ನನ್ನಪ್ಪಂಗೆ..."

ಅಜ್ಜಿ ನಕ್ಕಳು. ಎಷ್ಟು ದಿನದ ಮೇಲೆ!

ದಿನಾ ಅದೇ ನಡೆಯಿತು. ಊರಲ್ಲಿ ಗುಸುಗುಸು ಹಬ್ಬಿತು. ಅಜ್ಜಿಯ ಹಾಲು ಮತ್ತೆ ಡೈರಿಯ ಮೆಟ್ಟಿಲು ಹತ್ತಿತು.

ಸಂಜೆ ಕಲ್ಪನ ಬಸ್ಸಿಳಿಯುವ ಹೊತ್ತಿಗೆ, ಮುನೀಂದ್ರನ ಬೈಕು ಸ್ಟ್ಯಾಂಡಿನ ಹತ್ತಿರ ಕೆಟ್ಟು ನಿಲ್ಲತೊಡಗಿತು. ದಿನಾ ಕೆಡುವ ಬೈಕು, ಅವಳು ಬಂದೊಡನೆ ರಿಪೇರಿಯಾಗುತ್ತಿತ್ತು.

"ತಂಗಿಗೆ ಹೆಂಗೈತೆ ಟೋನರು?" ಎಂದು ಅವಳು ಕಾಡಿದಳು.

"ಎಡಗೆನ್ನೆಗೆ ಬೋರ್‌ವೆಲ್ ನೀರು, ಬಲಗೆನ್ನೆಗೆ ಕೊರಿಯಾ ನೀರು ಹಾಕ್ತಾ ಇದೀನಿ. ಹೋಲಿಸಿ ನೋಡ್ಬೇಕಲ್ಲ?"

"ಹಾಕ್ತಾ... *ಇದೀನಿ*?"

ಅವನು ನಾಲಗೆ ಕಚ್ಚಿಕೊಂಡ. ಇಬ್ಬರೂ ನಕ್ಕರು. ಆಮೇಲೆ ಅವನೇ ಮೆಲ್ಲಗೆ ಹೇಳಿದ.

"ನಿಜ ಹೇಳ್ಬೇಕಂದ್ರೆ, ಬಲಗಡೆ ಬಿಗಿಯೋದು ನಿಂತೈತೆ. ಮೆತ್ತಗಾಗೈತೆ. ಆದ್ರೆ ಮೇಲೆ ಕ್ರೀಮ್ ಹಚ್ಚದಿದ್ರೆ ಬಂಗಾರಪೇಟೆ ಸೇರೋಷ್ಟ್ರಲ್ಲಿ ಮತ್ತೆ ಒಣಗ್ತದೆ. ಬಣ್ಣ ಅದೇ, ಮುಖ ಅದೇ. ಹೀರೋ ಮಾಡ್ತದೆ ಅಂದ್ಕೊಂಡ್ರೆ ಮೋಸ. ನೀರು ಕುಡಿಸ್ತದೆ ಅಂದ್ಕೊಂಡ್ರೆ ಪರವಾಗಿಲ್ಲ."

"ಯಾಕೆ ತಗೊಂಡ್ರಿ ಮತ್ತೆ?"

"ಯಾರೋ ಒಬ್ರು... ಕೆರೆ ಅಂದಿದ್ರು. ಬೇರೆ ಯಾರಾದ್ರೂ ಅಂದಿದ್ರೆ ಬಿಡ್ತಿದ್ದೆ."

ಬೈಕು ಹೊರಟು ಹೋಯಿತು. ಕಲ್ಪನ ಅಲ್ಲೇ ನಿಂತಿದ್ದಳು. *ನನ್ನ ಒಂದು ಮಾತಿಗೆ...!*

ಆ ಸಂಜೆ ಕ್ಯಾನು ತೊಳೆದು ಬೋರಲು ಹಾಕುವಾಗ ತಳದಲ್ಲಿದ್ದ ನೀರು ದುಬುದುಬು ಸುರಿಯಿತು. ಕಲ್ಪನಳ ಕೈ ನಿಂತಿತು. ಹಾಲು ವಾಪಸಾದ ಆ ಬೆಳಗ್ಗೆ ತಡವಾಗಿತ್ತು. ಕ್ಯಾನಿಗೆ ನೀರು ಹಾಕಿ ಗಲಬರಿಸಿದ್ದಳು. ಆದರೆ... ನೀರು ಚೆಲ್ಲಿದ್ದಳಾ?

ಚೆಲ್ಲಿರಲಿಲ್ಲ! ಹಾಲನ್ನು ಅದರ ಮೇಲೆಯೇ ಸುರಿದಿದ್ದಳು. ಅಯ್ಯೋ! ಮುನೀಂದ್ರ ಹೇಳಿದ್ದು ಸರಿ. ತಪ್ಪಿಲ್ಲದವನು ದಿನಾ ಗಲ್ಲ ಬಡಿದುಕೊಳ್ಳುವಂತೆ ಮಾಡಿದ್ದಾಳೆ. ಹೇಳಿದರೆ ಅಜ್ಜಿಯ ನಗು ಹೋಗುತ್ತದೆ. ಹೇಳದಿದ್ದರೆ...

ಮರುದಿನ ಬೆಳಗ್ಗೆ ಅಜ್ಜಿಯೇ ಕುಂಟುತ್ತಾ ಡೈರಿಗೆ ಹೊರಟಳು. ಕಲ್ಪನ ಕ್ಯಾನು ಹಿಡಿದು ಹಿಂದೆ ಓಡಿದಳು. ಸಾಲಿನ ಮುಂದೆ ಅಜ್ಜಿ ಮುನೀಂದ್ರನ ಎರಡೂ ಕೈ ಹಿಡಿದುಕೊಂಡಳು.

"ಸಾಕು ನಾಯ್ನಾ. ನನ್ ಹಾಲಿಗೆ ನೀರು ಅಂದಿದ್ದಕ್ಕೆ ಇಷ್ಟು ದಿನ ಗಲ್ಲ ಬಡ್ಕೊಂಡೆ. ನನ್ ಮನಸ್ಸು ತುಂಬ್ತು. ಇನ್ನು ಬಡ್ಕೋಬ್ಯಾಡ."

ಮುನೀಂದ್ರ ಕಣ್ಣು ಕಣ್ಣು ಬಿಟ್ಟ. ಅಜ್ಜಿಯನ್ನು ನೋಡಿದ. ಎದುರಿನ ಜಗಲಿಯನ್ನು ನೋಡಿದ. ಮೂಡಲಕ್ಕೆ ತಿರುಗಿ... ಕಣ್ಣು ಮುಚ್ಚಿ... ಕೊನೆಗೆ ಕಲ್ಪನಳನ್ನು ನೋಡಿದ.

ಅರ್ಥವಾಯಿತು. ನಿಜ ಹೇಳಿದರೆ ಈ ಮುದುಕಿಗೆ ಎರಡನೇ ಸಲ ಎಲ್ಲರ ಮುಂದೆ ಅವಮಾನ.

ಅವನು ತಲೆ ತಗ್ಗಿಸಿದ. "ಹೌದಜ್ಜಿ. ನಂದೇ ತಪ್ಪು. ಅವತ್ತು ಸರಿಯಾಗಿ ನೋಡಲಿಲ್ಲ."

ಕಲ್ಪನ ಕ್ಯಾನು ನೆಲಕ್ಕಿಟ್ಟು ಮುಂದೆ ಬಂದಳು.

"ಇಲ್ಲಜ್ಜಿ! ಅವ್ರು ಸರಿಯಾಗೇ ನೋಡಿದ್ರು!" ಅಂದು ಯಾರ ಮಿಮಿಕ್ರಿಯೂ ಅಲ್ಲ, ಅವಳದೇ ದನಿ. "ಕ್ಯಾನು ಗಲಬರಿಸಿದ ನೀರು ನಾನೇ ಚೆಲ್ಲಿರಲಿಲ್ಲ. ನಿನ್ನ ಹಾಲು ಚಿನ್ನ, ನೀರು ನಂದು. ಅವ್ರು ಗಲ್ಲ ಬಡ್ಕೊಂಡಿದ್ದು ತಪ್ಪಾಯ್ತು ಅಂತ ಅಲ್ಲ... ಟೋನರು ಹಚ್ಕೊಳ್ತಿದ್ರು. ನಿನ್ನ ಕಡೆ ತಿರುಗಿಸಿದ್ದೂ ನಾನೇ!"

ಅಜ್ಜಿ ಮುನೀಂದ್ರನ ಕೈ ಬಿಟ್ಟಳು.

"ಅಂದ್ರೆ," ಅಜ್ಜಿ ನಿಧಾನಕ್ಕೆ ಕೇಳಿದಳು, "ನನ್ ಹಾಲು ಶುದ್ಧ?"

"ಶುದ್ಧ ಅಜ್ಜಿ."

"ಎಲ್ಲರೂ ಕೇಳಿಸ್ಕೊಂಡ್ರೇನ್ರಲಾ?" ಅಜ್ಜಿ ಸಾಲಿನ ಕಡೆ ತಿರುಗಿದಳು, ಆಮೇಲೆ ಮೊಮ್ಮಗಳ ಕಡೆ. "ಹಂಗಾದ್ರೆ ಬಡ್ಕೋಬೇಕಾಗಿರೋಳು ನೀನು. ಬಡ್ಕೋ ಗಲ್ಲ, ಇಲ್ಲೇ!"

ಕಲ್ಪನ ಕಣ್ಣು ಮುಚ್ಚಿ ಕೈ ಎತ್ತಿದಳು. ರೆಪ್ಪೆ ಒದ್ದೆಯಾಗಿತ್ತು.

"ಒಂದ್ನಿಮಿಷ!"

ಮುನೀಂದ್ರ ಒಳಗೆ ಓಡಿ ಬಾಟಲಿ ತಂದ. ತಳದಲ್ಲಿ ಉಳಿದದ್ದನ್ನೆಲ್ಲ ಅವಳ ಅಂಗೈಗೆ ಸುರಿದ.

"ಒಣಗೈಲಿ ಬಡೀಲೇಬಾರ್ದು ಅಂತ ನೀವೇ ಹೇಳಿದ್ರಿ."

ಅವಳು ಅಳುತ್ತಲೇ ನಕ್ಕಳು. "ಮೂಡಲಕ್ಕೆ ತಿರುಗ್ಲಾ?"

"ಬ್ಯಾಡ. ನನ್ ಕಡೆ ತಿರುಗಿ."

ತಿರುಗಿದಳು.

"ಇನ್ನೂ ಕೆರೆ ತರಾನೇ ಐತಾ?" ಅವನು ಮೆಲ್ಲಗೆ ಕೇಳಿದ.

"ಐತೆ. ಕೆರೆ ಪಕ್ಕದಲ್ಲೇ ಮನೆ ಮಾಡೋಣ ಅಂತಿದೀನಿ... ಜಾಗ ಕೊಡ್ತೀರಾ?"

ಮುನೀಂದ್ರ ಹೂಂ ಅಂತ ತಲೆಯಾಡಿಸಿದ. ಕಲ್ಪನ ತನ್ನ ಕೆನ್ನೆಗೆ ಎತ್ತಿದ್ದ ಒದ್ದೆ ಕೈಯನ್ನು ಅವನ ಎಡಗೆನ್ನೆಗೆ ಒತ್ತಿದಳು, ಇಷ್ಟು ದಿನ ಬೋರ್‌ವೆಲ್ ನೀರಷ್ಟೇ ಕಂಡ ಕೆನ್ನೆಗೆ. ಪಟ್ ಅಂತ ಸದ್ದಾಯಿತು.

ಸಾಲಿನ ಕೊನೆಯಲ್ಲಿದ್ದ ಕಿವಿಮಂದದ ಬಚ್ಚಪ್ಪ ಕೂಗಿದ.

"ಒಡೀಬ್ಯಾಡಮ್ಮೋ! ಪಾಪ, ಆಗ್ಲೇ ತಪ್ಪು ಒಪ್ಕೊಂಡವ್ನೆ!"

ಸಾಲೆಲ್ಲ ನಕ್ಕಿತು, ಅಜ್ಜಿ ಮಂಡಿ ಹಿಡಿದುಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು, ಕೆನ್ನೆ ಮೇಲಿನ ಆ ಕೈಯನ್ನು ಬಿಡದೆ ಹಿಡಿದಿದ್ದ ಮುನೀಂದ್ರ.