ಸೋಮವಾರ ನೊಗ ಇಲ್ಲ

"ಸೋಮವಾರ ಹೋಂವರ್ಕ್ ಕೊಡಬಾರದ್ರಿ ಮಿಸ್! ಬಸವಣ್ಣಗ ಸಿಟ್ಟ ಬರತೈತಿ!"

ಐದನೇ ಕ್ಲಾಸಿನ ಮೈಲಾರವ್ವ ಎದ್ದು ನಿಂತು, ಕೈ ಕಟ್ಟಿ, ಅಗದಿ ಭಕ್ತಿಯಿಂದ ಹೇಳಿದಳು.

ಬೋರ್ಡಿನ ಮೇಲೆ ಬರೆಯುತ್ತಿದ್ದ ಮನಮಾಯಾ ಮಿಸ್ ಕೈ ಹಾಗೇ ನಿಂತಿತು. ನೇಪಾಳದಿಂದ ಬಮ್ಮಿಗಟ್ಟಿಯ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದು ಅವರಿಗೆ ಮೂರೇ ದಿನ. ಕನ್ನಡದಲ್ಲಿ "ಬರ್ರಿ", "ಕುಂದರ್ರಿ", "ಸಾಕ್ರಿ", ಇಷ್ಟೇ ಬರುತ್ತಿತ್ತು. ಹಿಂದಿ ಮಾತ್ರ ಚಲೋ ಬರುತ್ತಿತ್ತು. ಅದಕ್ಕೇ ಇತ್ತಲ ಮಾತು ಅತ್ತ ದಾಟಿಸುವ ಕೆಲಸ, ಅದೇ ಕ್ಲಾಸಿನ, ಮನೆಯಲ್ಲಿ ಉರ್ದು ಮಾತಾಡುವ ನದೀಮನ ಪಾಲಿಗೆ ಬಂದಿತ್ತು.

ನದೀಮ್ ಉಪ್ಪುಖಾರ ಹಚ್ಚಿ ದಾಟಿಸಿದ. ಈ ಊರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಕ್ಕಳ ಹೆಗಲಿಗೆ ಹೋಂವರ್ಕನ್ನೂ ಇಡುವುದಿಲ್ಲ.

ಮೊದಲನೆಯ ಮಾತು ಖರೆ. ಎರಡನೆಯದು ಮೈಲಾರವ್ವನ ತಲೆಯಲ್ಲಿ ಆಗಷ್ಟೇ ಹುಟ್ಟಿದ್ದು.

ಮಿಸ್ ಕಣ್ಣು ಅರಳಿದವು. "ನಮ್ಮ ಊರಲ್ಲಿ ಅಮಾವಾಸ್ಯೆ ದಿನ ಎತ್ತಿಗೆ ರಜೆ" ಎಂದು ಹಿಂದಿಯಲ್ಲಿ ಹೇಳಿ, ಬರೆದ ಹೋಂವರ್ಕನ್ನೆಲ್ಲ ಒರೆಸಿಬಿಟ್ಟರು.

ಅವತ್ತು ಸಂಜೆ ಇಡೀ ಕ್ಲಾಸು ಮೈಲಾರವ್ವನಿಗೆ ಪೇರಲಹಣ್ಣು ತಿನ್ನಿಸಿತು. ಮುಂದಿನ ಸೋಮವಾರವೂ ಹೋಂವರ್ಕ್ ಇಲ್ಲ.

ಮರುದಿನ ಹೆಡ್‌ಮಾಸ್ಟರ್ ಸಂಗನಬಸವ ಸರ್ ಕ್ಲಾಸಿಗೆ ಬಂದು ನೋಟ್‌ಬುಕ್ ತಿರುವಿ ನೋಡುತ್ತ ಹುಬ್ಬು ಗಂಟಿಕ್ಕಿದರು. ಮಿಸ್‌ಗೆ ತಿಳಿಯಲೆಂದು ಹಿಂದಿಯಲ್ಲಿ ಒಂದಿಷ್ಟು ಹೇಳಿದರು. ಆಮೇಲೆ ಸಿಟ್ಟು ತಡೆಯದೆ ಕನ್ನಡವೇ ಹೊರಬಿತ್ತು.

"ಎರಡ ವಾರದಾಗ ಎರಡ ದಿನ ಹೋಂವರ್ಕ್ ಇಲ್ಲ! ಪೇರೆಂಟ್ಸ್ ಕೇಳಿದ್ರ ನಾ ಏನ್ ಹೇಳ್ಲಿ? ಹಿಂಗಾದ್ರ ಬ್ಯಾರೆ ಮಿಸ್ ನೋಡಬೇಕಾಗತೈತಿ."

ಮಿಸ್ ತಲೆ ತಗ್ಗಿಸಿ, "ಸಾರಿ ಸರ್. ನನ್ನ ತಪ್ಪು" ಎಂದು ಇಂಗ್ಲಿಷಿನಲ್ಲಿ ಅಂದರು. ಮೈಲಾರವ್ವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮೈಲಾರವ್ವ ನದೀಮನ ಮುಖ ನೋಡಿದಳು.

"ಹೇಳ್ಬೇ" ನದೀಮ್ ಮೊಣಕೈಯಿಂದ ತಿವಿದ.

"ನೀನ ಹೇಳ್ಲೇ. ಹಿಂದ್ಯಾಗ ಹೇಳಿದಾಂವ ನೀ!"

"ಹುಟ್ಟಿಸಿದಾಕಿ ನೀ!"

ಕಡೆಗೆ ಮೈಲಾರವ್ವ ಎದ್ದಳು. "ಸರ್, ಮಿಸ್‌ದ ತಪ್ಪಿಲ್ರಿ. ಸೋಮವಾರ ಎತ್ತ ಹೂಡಂಗಿಲ್ಲ, ನಮಗೂ ಹೋಂವರ್ಕ್ ಕೊಡಂಗಿಲ್ಲ ಅಂತ ನಾನ ಸುಳ್ಳ ಹೇಳೇನ್ರಿ."

ಸರ್ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಮೀಸೆ ಅಲುಗಿದ್ದು ಮೈಲಾರವ್ವನಿಗೆ ಕಂಡಿತು.

"ಎತ್ತಿಗೆ ಬುದ್ಧಿ ಐತಿ. ನಿನಗ್ಯಾಕ ಹೋಲಸ್ತೀ ಅದನ್ನ?" ಎಂದರು ಸರ್. "ಇರ್ಲಿ. ಸೋಮವಾರ ನಿಂತ ಎತ್ತು ಮಂಗಳವಾರ ಜೋರ ಜಗ್ಗತಾವ. ಎರಡೂ ಸೋಮವಾರದ್ದು ಕೂಡಿಸಿ ಬರ್ಕೊಂಡ ಬಾ. ನದೀಮಾ, ಜೋಡೆತ್ತ ನೀನ!"

ಇಡೀ ಕ್ಲಾಸು ನಕ್ಕಿತು. ಮಿಸ್ ಮಾತ್ರ ಏನೂ ತಿಳಿಯದೆ ಎಲ್ಲರ ಮುಖ ನೋಡಿದರು. ನದೀಮ್ ಕಿವಿ ಕೆಂಪಾಗಿ, ಈ ಸಲ ಉಪ್ಪುಖಾರ ಹಚ್ಚದೆ ಎಲ್ಲ ದಾಟಿಸಿದ.

ಶಾಲೆ ಬಿಟ್ಟ ಮೇಲೆ ಮಿಸ್ ಇಬ್ಬರನ್ನೂ ಕರೆದರು. ಬೈಯಬಹುದು ಅಂದುಕೊಂಡರೆ, ಅವರು ಬೇರೆಯೇ ಕೇಳಿದರು.

"ಎತ್ತಿಂದೂ ಸುಳ್ಳೇನು ಅಂತ ಕೇಳಾಕತ್ತಾರ" ಎಂದ ನದೀಮ್.

"ದೇವ್ರಾಣಿ, ಅದು ಖರೇನ್ರಿ ಮಿಸ್! ನಮ್ಮ ಮನಿಗೆ ಬರ್ರಿ. ಅಜ್ಜಾನ್ನ ಕೇಳ್ರಿ ಬೇಕಾದ್ರ."

ಮಿಸ್ ಬಂದೇಬಿಟ್ಟರು. ದನದ ಕೊಟ್ಟಿಗೆಯಲ್ಲಿ ಅಜ್ಜ ಹೊಟ್ಟು ಹಾಕುತ್ತಿದ್ದ. "ಜ್ವಾಕಿ ಬೇ ತಂಗಿ. ಬಿಳೀದು ಹೊಸಾ ಮಂದಿಗೆ ಹಾಯತೈತಿ" ಎಂದ.

ಮಿಸ್ ಚಪ್ಪಲಿ ಬಿಟ್ಟು ನೆಟ್ಟಗೆ ಬಿಳೀ ಎತ್ತಿನ ಬಳಿಗೇ ಹೋದರು. ಬಾಜೂಕ ನಿಂತು ಅದರ ಗಂಟಲ ಕೆಳಗೆ ಮೆಲ್ಲಗೆ ಕೆರೆದರು. ಎತ್ತು ಕತ್ತು ಮೇಲಕ್ಕೆತ್ತಿ, ಇನ್ನಷ್ಟು ಕೆರೆ ಎನ್ನುವಂತೆ ಕಣ್ಣು ಮುಚ್ಚಿತು. ಅಜ್ಜ ಹೊಟ್ಟಿನ ಬುಟ್ಟಿ ಹಿಡಿದು ನೋಡುತ್ತ ನಿಂತ.

ಮಿಸ್ ಎತ್ತಿನ ಸಂಗಡ ಮಾತಿಗಿಳಿದರು. ಬಡಬಡನೆ, ಉಸಿರು ಬಿಡದೆ. ನಡುವೆ ಅದರ ಬೆನ್ನಿಗೆ ಒಂದು ಏಟು ಹಾಕಿ ಗಟ್ಟಿಯಾಗಿ ನಕ್ಕರು. ಶಾಲೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ.

"ಏನಂತಾರಲೇ?" ಮೈಲಾರವ್ವ ಪಿಸುಗುಟ್ಟಿದಳು.

"ನನಗೂ ತಿಳೀವಲ್ದು. ಹಿಂದಿ ಅಲ್ಲ ಇದು. ಅವರ ಮನಿ ಮಾತು."

ಮೈಲಾರವ್ವ ಲೆಕ್ಕ ಹಾಕಿದಳು. ನದೀಮನ ಸಂಗಡ ಹಿಂದಿ. ಸರ್ ಸಂಗಡ ಇಂಗ್ಲಿಷ್. ತನ್ನ ಸಂಗಡ ತೊದಲು ಕನ್ನಡ. ಈ ಮಾತು ಬಮ್ಮಿಗಟ್ಟಿಯಲ್ಲಿ ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ.

"ಮೈಲಾರೀ, ಚಾ ಆತು. ಮಿಸ್‌ನ ಕರಿ" ಎಂದು ಅವ್ವ ಒಳಗಿಂದ ಕೂಗಿದಳು.

ಮೈಲಾರವ್ವ ಓಡಿಹೋಗಿ ಬಾಗಿಲಲ್ಲೇ ನಿಂತು, ತುಟಿಗೆ ಬೆರಳಿಟ್ಟಳು.

"ತಡಿಯವ್ವಾ. ಇನ್ನೂ ಮಾತಾಡಾಕತ್ತಾರ."